ಬೇರೆ ಸಾಲು

ಆ ನರ್ಸರಿಯ ಹಿಂಗೋಡೆಗೆ ಒತ್ತಿಕೊಂಡು ಒಂದು ಕಲ್ಲುಚಪ್ಪಡಿಯ ಕಟ್ಟೆಯಿದೆ. ಅದರ ಎರಡೂ ತುದಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದೆ. ಹೊರಗಿನಿಂದ ಬಂದ ಗಿಡ ಯಾವುದೇ ಇರಲಿ, ಮೂರು ವಾರ ಅಲ್ಲಿ ಕೂರಬೇಕು. ಎಲೆಯ ಮೇಲೆ ಚುಕ್ಕೆ ಕಂಡ ಗಿಡ, ಕಾರಣವಿಲ್ಲದೆ ಬಾಡಿದ ಗಿಡ, 'ಯಾಕೋ ನಮ್ಮನೇಲಿ ಏಳ್ತಾನೇ ಇಲ್ಲ' ಎಂದು ಗಿರಾಕಿಗಳು ವಾಪಸು ತಂದ ಗಿಡ, ಎಲ್ಲಕ್ಕೂ ಅದೇ ಜಾಗ. ಆ ಸಾಲಿಗೆ ನೀರು ಹಾಕುವ ಡಬ್ಬಿ ಬೇರೆ, ಕತ್ತರಿ ಬೇರೆ. ಅಲ್ಲಿ ಕೈಯಾಡಿಸಿದವರು ಸೋಪು ಹಚ್ಚಿ ತೊಳೆಯದೆ ಇನ್ನೊಂದು ಗಿಡ ಮುಟ್ಟುವಂತಿಲ್ಲ. ಒಂದು ಬುಟ್ಟಿ ಹೊಸ ಸಸಿಗಳ ಜೊತೆ ಬಂದ ಬಿಳಿನೊಣ ಅರ್ಧ ನರ್ಸರಿಯನ್ನೇ ಹಾಳುಮಾಡಿದ ವರ್ಷ ಈ ನಿಯಮ ಹುಟ್ಟಿತು. ಹುಟ್ಟಿಸಿದವಳು ಗಿಡದಕ್ಕ.

ಗಿರಾಕಿಗಳಿಗೂ ಗೊಬ್ಬರದ ಗಾಡಿಯವನಿಗೂ ಬೀದಿಯ ಮಕ್ಕಳಿಗೂ ಅವಳು ಗಿಡದಕ್ಕ. ಮೂವತ್ತೆಂಟರ ಹೆಂಗಸು, ಹನ್ನೊಂದು ವರ್ಷದಿಂದ ಅಲ್ಲಿ ಕೆಲಸ. ಉಗುರಿನ ಸಂದಿಯ ಮಣ್ಣು ಭಾನುವಾರವೂ ಹೋಗುತ್ತಿರಲಿಲ್ಲ. ಗಂಡ ಬಿಟ್ಟುಹೋಗಿ ನಾಲ್ಕು ವರ್ಷ, ಅಂದಿನಿಂದ ಅಣ್ಣ ಅತ್ತಿಗೆಯ ಮನೆಯೇ ಅವಳ ಮನೆ. ಎರಡು ಕೋಣೆ, ಒಂದು ಬಚ್ಚಲು, ಹಿತ್ತಲಲ್ಲಿ ಬಟ್ಟೆ ಒಣಹಾಕುವ ಒಂದು ತಂತಿ. ಅಣ್ಣನ ಹನ್ನೆರಡು ವರ್ಷದ ಮಗಳ ಪಕ್ಕದಲ್ಲಿ, ಒಂದೇ ಮಂಚದ ಮೇಲೆ ಅವಳ ನಿದ್ದೆ.

ಗುರುವಾರ ಗುರುವಾರ ನರ್ಸರಿಗೆ ಮಣ್ಣಿನ ಕುಂಡಗಳು ಬರುತ್ತಿದ್ದವು. ತರುತ್ತಿದ್ದವನಿಗೆ ನಲವತ್ತೈದರ ಆಸುಪಾಸು, ಹೆಂಡತಿ ತೀರಿಕೊಂಡು ಐದು ವರ್ಷ. ಪ್ರತಿ ಕುಂಡವನ್ನೂ ಇಳಿಸುವ ಮುಂಚೆ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಟಣ್ ಎಂದರೆ ಇಳಿಸುವುದು. ಸದ್ದು ಸಪ್ಪೆಯಾದರೆ, "ಇದರಲ್ಲಿ ಬಿರುಕಿದೆ, ಕಣ್ಣಿಗೆ ಕಾಣಲ್ಲ. ಬೇಕಾದ್ರೆ ಸುಮ್ನೆ ಇಟ್ಕೊಳ್ಳಿ, ಮಾರೋಕೆ ಮಾತ್ರ ಬೇಡ," ಎನ್ನುತ್ತಿದ್ದ. ಗಿಡದಕ್ಕನಿಗೆ ಅವನಲ್ಲಿ ಮೊದಲು ಹಿಡಿಸಿದ್ದೇ ಆ ತಟ್ಟುವಿಕೆ. ಆಮೇಲೆ ಹಿಡಿಸಿದ್ದು ಅವನ ಹರಟೆ.

ಒಂದು ಗುರುವಾರ ಗಾಡಿಯ ಹಿಂಬಾಗಿಲು ಹಾಕಿದವನು ಹೊರಡದೆ ನಿಂತ.

"ಸುತ್ತಿ ಬಳಸಿ ಮಾತಾಡೋ ವಯಸ್ಸು ದಾಟಿದೆ. ನೀವು ಹೂಂ ಅಂದ್ರೆ ನಿಮ್ಮ ಅಣ್ಣನ ಹತ್ರ ಬಂದು ಕೇಳ್ತೀನಿ. ಊಹೂಂ ಅಂದ್ರೂ ಕುಂಡದ ರೇಟು ಏರಿಸಲ್ಲ."

ಅವಳಿಗೆ ನಗು ಬಂತು. "ಒಂದು ತಿಂಗಳು ಕೊಡಿ," ಎಂದಳು.

ಆ ತಿಂಗಳ ಮೊದಲ ವಾರದಲ್ಲೇ, ಸ್ನಾನ ಮಾಡುವಾಗ, ಅವಳ ಬೆರಳಿಗೆ ಅವು ಸಿಕ್ಕವು. ಜನನಾಂಗದ ಹೊರ ಅಂಚಿನಲ್ಲಿ ಮೂರು ನಾಲ್ಕು ಸಣ್ಣ ಗಂಟು. ನೋವಿಲ್ಲ, ಉರಿಯಿಲ್ಲ. ಒಂದರ ಪಕ್ಕ ಒಂದು, ಹೂಕೋಸಿನ ಚೂರಿನ ಹಾಗೆ ಒರಟು. ಎಲೆಯ ಮಗ್ಗುಲು ತಿರುಗಿಸಿ ಹುಳದ ಮೊಟ್ಟೆ ಹುಡುಕುವ ಕಣ್ಣು ಅವಳದು. ಚಿಕ್ಕ ಕನ್ನಡಿ ಹಿಡಿದು ನೋಡಿದಳು. ನೋಡಿದ್ದನ್ನು ಎರಡು ದಿನ ಯಾರಿಗೂ ಹೇಳದೆ ಇಟ್ಟುಕೊಂಡು, ಮೂರನೆಯ ದಿನ ಅರ್ಧ ದಿನದ ರಜೆ ಹಾಕಿ ಚರ್ಮದ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಹೆಂಗಸು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವವರು. ಪರದೆಯ ಹಿಂದೆ ನೋಡಿ ಬಂದು ಕೈ ತೊಳೆಯುತ್ತ, "ನರಹುಲಿ ಇರಬಹುದು. ಕೈಮೇಲೆ ಆಗುತ್ತಲ್ಲ, ಅದೇ ಕುಲ, ಬೇರೆ ಮನೆತನ. ನೋಡಿದ್ರೆ ಹಾಗೇ ಕಾಣುತ್ತೆ. ಆದರೆ ಖಚಿತ ಆಗೋಕೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಹತ್ತು ದಿನ," ಎಂದರು.

"ಯಾಕೆ ಬರುತ್ತೆ ಇದು?"

"ವೈರಸ್ಸು. ದೇಹ ಸಂಪರ್ಕದಿಂದ ಬರುತ್ತೆ. ಮದುವೆ ಆಗಿದೆಯಾ?"

"ಆಗಿತ್ತು."

ಡಾಕ್ಟರು ಇನ್ನೂ ಏನೇನೋ ಹೇಳಿದರು. ಗಿಡದಕ್ಕನ ಕಿವಿ ಆ 'ಸಂಪರ್ಕ' ಎಂಬಲ್ಲಿಯೇ ನಿಂತುಬಿಟ್ಟಿತ್ತು. ನಾಲ್ಕು ವರ್ಷದಿಂದ ಅವಳನ್ನು ಯಾರೂ ಮುಟ್ಟಿರಲಿಲ್ಲ. ಅದು ಅವಳಿಗೆ ಗೊತ್ತು. ಆದರೆ ಮೊನ್ನೆ ಮೊನ್ನೆ ಹುಟ್ಟಿದ ಈ ಗಂಟುಗಳನ್ನು ಮುಂದಿಟ್ಟುಕೊಂಡು ಆ ಮಾತು ಹೇಳಿದರೆ ನಂಬುವವರು ಯಾರು?

ಆ ಸಂಜೆಯಿಂದ ಅವಳು ತನಗೆ ಗೊತ್ತಿದ್ದುದನ್ನೇ ಮಾಡಿದಳು. ತನ್ನ ಟವೆಲನ್ನು ತಂತಿಯಿಂದ ತೆಗೆದು ಕಿಟಕಿಯ ಸರಳಿಗೆ ಹಾಕಿದಳು. ಹೊಸ ಸೋಪು ತಂದು ಬೇರೆ ಡಬ್ಬಿಯಲ್ಲಿಟ್ಟಳು. ಒಂದು ತಟ್ಟೆ, ಒಂದು ಲೋಟ ಆರಿಸಿಕೊಂಡು, ತಾನೇ ತೊಳೆದು, ಅಟ್ಟಣಿಗೆಯ ಮೂಲೆಯಲ್ಲಿ ಬೋರಲು ಹಾಕಿದಳು. ಬಚ್ಚಲನ್ನು ಎಲ್ಲರಿಗಿಂತ ಕೊನೆಗೆ ಬಳಸಿ ಕುದಿವ ನೀರು ಸುರಿದಳು. ಮಂಚ ಬಿಟ್ಟು ಚಾಪೆ ಹಿಡಿದಳು.

"ಅತ್ತೆ, ನಾನು ನಿದ್ದೇಲಿ ಒದೀತೀನಾ?" ಮಂಚದ ಮೇಲಿಂದ ಕೇಳಿದಳು ಅಣ್ಣನ ಮಗಳು.

"ಹೂಂ. ಕತ್ತೆ ಥರ."

"ಮೊದ್ಲೂ ಒದೀತಿದ್ನಲ್ಲ?"

ಗಿಡದಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಅತ್ತಿಗೆಯ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಮೂರು ದಿನ ನೋಡಿದಳು, ನಾಲ್ಕನೆಯ ದಿನ ಪಾತ್ರೆಗಳನ್ನು ಒಂದರ ಮೇಲೊಂದು ಕುಕ್ಕುತ್ತ ಬಾಯಿಬಿಟ್ಟಳು. "ತಟ್ಟೆ ಬೇರೆ, ಲೋಟ ಬೇರೆ, ಸೋಪೂ ಬೇರೆ. ಇನ್ನು ಒಲೆ ಒಂದು ಬೇರೆ ಹೂಡಿಬಿಡು, ಮುಗೀತು."

"ಅದೇನಿಲ್ಲ ಅತ್ತಿಗೆ. ಕೈಗೆ ಔಷಧಿ ಅಂಟಿರುತ್ತೆ. ಗಿಡಕ್ಕೆ ಹೊಡೆಯೋದು."

"ಹನ್ನೊಂದು ವರ್ಷದಿಂದ ಅಂಟದೇ ಇದ್ದ ಔಷಧಿ!" ಎಂದಳು ಅತ್ತಿಗೆ. ಆಮೇಲೆ ಆ ಮನೆಯಲ್ಲಿ ಮಾತು ಕಡಿಮೆಯಾಯಿತು.

ಗಿಡದಕ್ಕ ಒಳಗೊಳಗೇ ನಿರ್ಧಾರ ಮಾಡಿಯಾಗಿತ್ತು. ತಿಂಗಳು ತುಂಬಿದ ದಿನ ಕುಂಡದವನಿಗೆ ಬೇಡ ಎಂದುಬಿಡುವುದು. ಯಾಕೆ ಎಂದರೆ, ಮನಸ್ಸಿಲ್ಲ ಎನ್ನುವುದು. ಪರೀಕ್ಷೆಯ ಫಲಿತಾಂಶ ತರಲು ಹೋಗುವುದೂ ಬೇಡ. ಏನೆಂದು ಗೊತ್ತಾದರೆ ತಾನೇ ಹೇಳಬೇಕಾದ ಪ್ರಶ್ನೆ ಬರುವುದು? ಹತ್ತು ದಿನ ಕಳೆಯಿತು, ಹನ್ನೆರಡಾಯಿತು. ಅವಳು ಹೋಗಲಿಲ್ಲ. ಗುರುವಾರ ಅವನು ಬಂದಾಗ ಲೆಕ್ಕದ ಚೀಟಿಗೆ ಸಹಿ ಹಾಕಿ ಶೆಡ್ಡಿನ ಒಳಗೇ ಉಳಿದಳು. "ಏನು, ಇವತ್ತು ಗಿಡಗಳಿಗೆ ಮಾತ್ರ ದರ್ಶನವಾ?" ಎಂದು ಅವನು ಹೊರಗಿನಿಂದ ಕೂಗಿದ.

ಆ ವಾರವೇ ಆಗಬಾರದ್ದು ಆಯಿತು.

ಒಂದು ಶಾಲೆಯವರು ತಮ್ಮ ಮೈದಾನದ ಸುತ್ತ ನೆಡಲು ಇನ್ನೂರ ನಲವತ್ತು ನೆರಳಿನ ಮರದ ಸಸಿ ಕೇಳಿದ್ದರು. ಹುರುಳಿ, ಬಟಾಣಿಗಳ ಕುಲಕ್ಕೆ ಸೇರಿದ ಮರ, ಉದ್ದ ಕಾಯಿ ಬಿಡುವಂಥದ್ದು. ಮೊಣಕಾಲೆತ್ತರಕ್ಕೆ ಚೆನ್ನಾಗಿ ಬಂದಿದ್ದವು. ಸಾಗಿಸುವಾಗ ಒಂದರ ಪ್ಲಾಸ್ಟಿಕ್ ಚೀಲ ಹರಿದು ಮಣ್ಣು ಉದುರಿತು. ಬೇರು ಹೊರಗೆ ಕಂಡಿತು. ಬೇರಿನ ತುಂಬ ಸಣ್ಣ ಸಣ್ಣ ಗಂಟು.

ಗಿಡದಕ್ಕ ಇನ್ನೊಂದು ಚೀಲ ಹರಿದಳು, ಗಂಟು. ಮತ್ತೆರಡು ಕಿತ್ತಳು, ಅಲ್ಲೂ ಗಂಟು. ಬೇರುಗಂಟು ರೋಗ ಮಣ್ಣಿಗೆ ಹಬ್ಬಿದರೆ ನರ್ಸರಿಯೇ ಮುಚ್ಚಬೇಕು ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳು ಅವಳೇ. ಅಂದು ಯಾರನ್ನೂ ಕೇಳಲಿಲ್ಲ. ಯಜಮಾನಿ ಪೇಟೆಗೆ ಹೋಗಿದ್ದರು, ನರ್ಸರಿಯ ಹಿರಿಯ ಮಾಲಿ ಕತ್ತರಿ ತಾತ ಕಣ್ಣು ತೋರಿಸಿಕೊಂಡು ಬರಲು ರಜೆಯಲ್ಲಿದ್ದ. ಅವಳೊಬ್ಬಳೇ ಇನ್ನೂರ ಮೂವತ್ತು ಚಿಲ್ಲರೆ ಸಸಿಗಳನ್ನು ಕೈಗಾಡಿಯಲ್ಲಿ ಹೊತ್ತು ಹಿಂದಿನ ಗುಂಡಿಗೆ ಸುರಿದು, ಒಣ ಸೊಪ್ಪು ಹೇರಿ ಬೆಂಕಿ ಕೊಟ್ಟಳು. ಹಸಿ ಸಸಿ ಬೇಗ ಉರಿಯುವುದಿಲ್ಲ. ಮಧ್ಯಾಹ್ನವಿಡೀ ಹೊಗೆಯಾಡಿತು.

ಮರುದಿನ ಬೆಳಿಗ್ಗೆ ಕತ್ತರಿ ತಾತ ಬಂದ. ಸೊಂಟದಲ್ಲಿ ಸದಾ ಕತ್ತರಿ ಸಿಕ್ಕಿಸಿಕೊಂಡಿರುವ, ಮಾತಿಗಿಂತ ಗೊಣಗಾಟವೇ ಹೆಚ್ಚಿನ ಮುದುಕ. ಬೂದಿಯ ಅಂಚಿನಲ್ಲಿ ಉಳಿದಿದ್ದ ಒಂದು ಸಸಿಯನ್ನು ಎತ್ತಿ ಬೇರು ನೋಡಿದ. ಹೆಬ್ಬೆರಳಿನಿಂದ ಒಂದು ಗಂಟನ್ನು ಮೆಲ್ಲಗೆ ಉಜ್ಜಿದ. ಅದು ಕಳಚಿ ಅಂಗೈಗೆ ಬಿತ್ತು. ಉಗುರಿನಿಂದ ಸೀಳಿ ಅವಳ ಮುಂದೆ ಹಿಡಿದ. ಒಳಗೆ ತಿಳಿಗುಲಾಬಿ ಬಣ್ಣ.

"ಏನಿದು?"

ಗಿಡದಕ್ಕ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಹೇಳು. ಏನಿದು?"

"ಒಳ್ಳೇ ಗಂಟು. ಈ ಜಾತಿ ಮರಕ್ಕೆ ಇರಬೇಕಾದ್ದು. ಅದರಿಂದ ಮರ ಗಾಳಿಯಿಂದಲೇ ಗೊಬ್ಬರ ಮಾಡ್ಕೊಳ್ಳುತ್ತೆ."

"ರೋಗದ ಗಂಟಾದ್ರೆ?"

"ಉಜ್ಜಿದ್ರೆ ಬಿಡಲ್ಲ. ಬೇರೇ ಊದಿಕೊಂಡಿರುತ್ತೆ."

"ಎಲ್ಲಾ ಗೊತ್ತು ನಿನಗೆ. ಮತ್ತೆ ಉಜ್ಜಿ ನೋಡ್ಲಿಲ್ಲ ಯಾಕೆ?"

"ಗಂಟು ಕಂಡ ತಕ್ಷಣ ನನಗೆ... ಗೊತ್ತಾಗ್ಲಿಲ್ಲ ತಾತ."

"ನೋಡೋಕೆ ಮುಂಚೆ ಸುಟ್ಟೆ," ಎಂದ ತಾತ. ಬೈಗುಳದ ದನಿಯಲ್ಲ. ಸಸಿಯನ್ನು ಅವಳ ಕೈಗಿತ್ತು, "ಇದೊಂದು ಬದುಕುತ್ತೆ. ನೆಡು," ಎಂದು ಗೊಣಗಿಕೊಂಡು ಹೋದ.

ಯಜಮಾನಿ ಕೂಗಾಡಲಿಲ್ಲ. "ಶಾಲೆಯವರಿಗೆ ನೀನೇ ಹೇಳು," ಎಂದು ಫೋನನ್ನು ಅವಳ ಕಡೆ ತಳ್ಳಿದರು. ಗಿಡದಕ್ಕನಿಗೆ ಆ ನಂಬರು ಒತ್ತಲು ಹತ್ತು ನಿಮಿಷ ಬೇಕಾಯಿತು.

"ಸರ್, ನನ್ನಿಂದ ತಪ್ಪಾಗಿದೆ. ನಿಮ್ಮ ಸಸಿಗೆ ರೋಗ ಅಂದ್ಕೊಂಡು ಸುಟ್ಟುಬಿಟ್ಟೆ. ರೋಗ ಇರಲಿಲ್ಲ."

ಆ ಕಡೆ ಹೆಡ್‌ಮಾಸ್ಟರು, "ಎಲ್ಲಾನೂನಾ?" ಎಂದರು.

"ಎಲ್ಲಾ."

"ಹ್ಞಾಂ... ಮತ್ತೆ ಬೆಳೆಸೋಕೆ ಎಷ್ಟು ತಿಂಗಳು?"

"ನಾಲ್ಕು."

"ಮಕ್ಕಳಿಗೆ ಹೇಳಿಬಿಟ್ಟಿದ್ದೆ. ಇರ್ಲಿ, ನಾಲ್ಕು ತಿಂಗಳು ತಾನೇ. ಬಿಸಿಲಲ್ಲಿ ಆಡ್ತಾರೆ."

ಫೋನಿಟ್ಟ ಮೇಲೆ ಅವಳು ಆ ಕುರ್ಚಿಯಲ್ಲೇ ಕೂತಿದ್ದಳು. ಹೇಳಿದರೆ ಆಗುವುದು ಇಷ್ಟೇ ಏನೋ. ಅಥವಾ ಈ ಬಾರಿ ಇಷ್ಟೇ ಆಯಿತೇನೋ. ಅದೇ ಮಧ್ಯಾಹ್ನ, ಕೈಯ ಮಣ್ಣು ಕೂಡ ಸರಿಯಾಗಿ ತೊಳೆಯದೆ, ಡಾಕ್ಟರ ಹತ್ತಿರ ಹೋದಳು.

ತಾತ ಬೇರಿನಿಂದ ಕಳಚಿದ ಗಂಟಿನ ಹಾಗೆ ಇದೂ ಉಜ್ಜಿದರೆ ಹೋಗುವಂಥದ್ದಿರಲಿ ಎಂಬ ಆಸೆ ದಾರಿಯುದ್ದಕ್ಕೂ ಇತ್ತು. ಆದರೆ ಡಾಕ್ಟರು ಕಾಗದ ಬಿಡಿಸಿ, "ನರಹುಲೀನೇ," ಎಂದರು. ತಲೆಯ ಮೇಲಿನ ಕನ್ನಡಕವನ್ನು ಮೂಗಿಗಿಳಿಸಿ ಮತ್ತೊಮ್ಮೆ ಓದಿದರು. "ಹೆಸರಲ್ಲಿ ಹುಲಿ ಇದೆ ಅಂತ ಹೆದರಬೇಡಿ. ಇದು ಕ್ಯಾನ್ಸರ್ ಆಗೋ ಜಾತಿ ಅಲ್ಲ. ಗರ್ಭಕಂಠದ ಪರೀಕ್ಷೆ ಹೇಗೂ ನಿಮ್ಮ ವಯಸ್ಸಿಗೆ ಮಾಡಿಸಬೇಕು, ಅದನ್ನ ಬೇರೆಯಾಗಿ ಮಾಡೋಣ. ಇದಕ್ಕೆ ತಣ್ಣಗಿನ ಗ್ಯಾಸ್ ಬಿಟ್ಟು ಸುಡ್ತೀನಿ, ನಾಲ್ಕೈದು ಸಲ ಬರಬೇಕು."

"ಆಮೇಲೆ ಹೋಗಿಬಿಡುತ್ತಾ?"

"ಗಂಟು ಹೋಗುತ್ತೆ. ವೈರಸ್ಸು ಸ್ವಲ್ಪ ದಿನ ಒಳಗೇ ಅಡಗಿರಬಹುದು. ಮತ್ತೆ ಬಂದ್ರೂ ಬರಬಹುದು. ಬಹಳ ಜನಕ್ಕೆ ವರ್ಷ ಎರಡು ವರ್ಷದಲ್ಲಿ ದೇಹವೇ ಅದನ್ನ ಹತ್ತಿಕ್ಕುತ್ತೆ."

"ನಾಲ್ಕು ವರ್ಷದಿಂದ ನಾನು ಒಬ್ಬಳೇ ಇದ್ದೀನಿ." ಈ ಮಾತನ್ನು ಅವಳು ಮೊದಲ ಸಲ ಒಬ್ಬರ ಮುಂದೆ ಆಡಿದಳು.

"ಇರಬಹುದು. ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಏಳುತ್ತೆ. ನಿಮ್ಮ ಗಂಡನಿಗೂ ಗೊತ್ತಿರಲಿಲ್ಲವೇನೋ." ಅವರಿಗೆ ಅದರಲ್ಲಿ ಆಶ್ಚರ್ಯವೇ ಇರಲಿಲ್ಲ.

ತಟ್ಟೆ ಲೋಟದ ಬಗ್ಗೆ ಕೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. "ಅಯ್ಯೋ, ತಟ್ಟೆ ಲೋಟದಿಂದ ಬರಲ್ಲ ರೀ. ಪಕ್ಕದಲ್ಲಿ ಮಲಗಿದ್ರೆ ಬರಲ್ಲ. ಟವೆಲ್ ಒಬ್ಬೊಬ್ಬರದು ಒಂದೊಂದು ಇರಲಿ, ಅದು ಎಲ್ಲರಿಗೂ ಒಳ್ಳೇದು. ಮನೇಲಿ ಹೆಣ್ಣುಮಕ್ಕಳಿದ್ದಾರಾ?"

"ಅಣ್ಣನ ಮಗಳು. ಹನ್ನೆರಡು."

"ಅವಳಿಗೆ ಈ ವೈರಸ್ಸಿನ ಲಸಿಕೆ ಹಾಕಿಸಿ. ಇದೇ ಸರಿಯಾದ ವಯಸ್ಸು."

ಎದ್ದು ನಿಂತವಳು ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಮತ್ತೆ ಮದುವೆ ಆಗಬಹುದಾ?"

"ಹುಡುಗ ನೋಡೋದು ನನ್ನ ಕೆಲಸ ಅಲ್ಲ," ಎಂದು ನಕ್ಕರು ಡಾಕ್ಟರು. ನಗು ನಿಂತ ಮೇಲೆ, "ಆಗಬಹುದು. ಹೇಳಿ ಆಗಿ. ಕಾಂಡೋಮ್ ಬಳಸಿದ್ರೆ ಅಪಾಯ ಕಮ್ಮಿ, ಪೂರ್ತಿ ಇಲ್ಲ ಅಂತ ಸುಳ್ಳು ಹೇಳಲ್ಲ. ಅವರಿಗೆ ಕೇಳೋದಿದ್ರೆ ಇಲ್ಲಿಗೆ ಕರ್ಕೊಂಡು ಬನ್ನಿ," ಎಂದರು.

ಲಸಿಕೆಯ ಮಾತು ಅತ್ತಿಗೆಗೆ ಹೇಳಲೇಬೇಕಿತ್ತು. ಹೇಳಿದರೆ ಯಾಕೆ ಎಂದು ಕೇಳದೆ ಬಿಡುವ ಹೆಂಗಸಲ್ಲ. ಭಾನುವಾರ ಅಣ್ಣ ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದಾಗ, ಒಗೆದ ಬಟ್ಟೆ ಹಿಂಡುತ್ತ ಇಬ್ಬರೂ ಹಿತ್ತಲಲ್ಲಿದ್ದರು. ಒಂದು ದೊಡ್ಡ ಹೊದಿಕೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಅತ್ತಿಗೆಯ ಕೈಯಲ್ಲಿ. ಗಿಡದಕ್ಕ ಹೇಳಿದಳು. ಎಲ್ಲಿ ಆಗಿದೆ, ಏನದು, ಡಾಕ್ಟರು ಏನಂದರು. ಅತ್ತಿಗೆ ಹಿಂಡುವುದನ್ನು ನಿಲ್ಲಿಸಿದಳು. ನೀರು ಇಬ್ಬರ ಪಾದದ ಮೇಲೂ ತೊಟ್ಟಿಕ್ಕುತ್ತಿತ್ತು.

"ಆ ಮಹಾನುಭಾವ ಹೋಗ್ತಾ ಇದನ್ನೂ ಕೊಟ್ಟು ಹೋದ್ನಾ?"

"ಅವನಿಗೂ ಗೊತ್ತಿರಲಿಲ್ಲವೇನೋ ಅತ್ತಿಗೆ."

"ನೀನೊಬ್ಬಳು, ಅವನ ಪರ ವಕಾಲತ್ತು." ಅತ್ತಿಗೆ ಜೋರಾಗಿ ಹಿಂಡಿದಳು. "ಮೂರು ವಾರದಿಂದ ನಾನೇನು ತಪ್ಪು ಮಾಡಿದೆ ಅಂತ ತಲೆ ಕೆಡಿಸ್ಕೊಂಡಿದ್ದೆ ಕಣೇ. ಮೂಲೇಲಿ ನಿನ್ನ ತಟ್ಟೆ ನೋಡಿದಾಗೆಲ್ಲ ಹೊಟ್ಟೆ ಉರೀತಿತ್ತು. ನನ್ನ ಕೈ ಅಡಿಗೆಗೆ ಅಸಹ್ಯಪಟ್ಕೊಂಡಳೇನೋ ಅಂತ."

"ನಿಮ್ಮ ಮೇಲೆ ಅಸಹ್ಯನಾ? ನನ್ನ ಮೇಲೆ ನನಗೆ..."

"ಬಾಯಿ ಮುಚ್ಚು." ಅಂದವಳು ಸ್ವಲ್ಪ ತಡೆದು, "ಟವೆಲ್‌ನಿಂದ ಬರಲ್ಲ ತಾನೇ?" ಎಂದು ಕೇಳಿದಳು. ಕೇಳಿದ್ದಕ್ಕೆ ತಾನೇ ನಾಚಿಕೊಂಡಳು.

"ಟವೆಲ್ ಬೇರೆ ಬೇರೆ ಇರಲಿ ಅಂದ್ರು. ಎಲ್ಲರದ್ದೂ."

"ಹಾಗಾದ್ರೆ ನಿನ್ನ ಅಣ್ಣನಿಗೂ ಒಂದು ತರಬೇಕು. ಸಿಕ್ಕಿದ್ರಲ್ಲಿ ಮುಖ ಒರೆಸ್ಕೋತಾರೆ ಮನುಷ್ಯ."

ಅವತ್ತು ಸಂಜೆ ಮೂಲೆಯ ತಟ್ಟೆ ಉಳಿದ ತಟ್ಟೆಗಳ ನಡುವೆ ಸೇರಿಹೋಯಿತು. ಮಾರನೆಯ ದಿನ ಯಾವುದು ಅದು ಎಂದು ಗಿಡದಕ್ಕನಿಗೇ ಗೊತ್ತಾಗಲಿಲ್ಲ. ಚಾಪೆ ಸುರುಳಿ ಸುತ್ತಿ ಮಂಚದಡಿಗೆ ಹೋಯಿತು. ಹುಡುಗಿ ಮೊದಲಿನಂತೆಯೇ ಒದ್ದಳು.

ತಿಂಗಳು ತುಂಬಿದ ಗುರುವಾರ ಕುಂಡದ ಗಾಡಿ ಗೇಟಿನೊಳಗೆ ಬಂತು. ಅವನು ಇಳಿದು ಮೊದಲ ಕುಂಡಕ್ಕೆ ಕೈ ಹಾಕಿದ.

"ಇಳಿಸೋದು ಆಮೇಲೆ," ಎಂದಳು. "ಒಂದು ಮಾತಿದೆ. ಕೇಳಿದ ಮೇಲೆ ನೀವು ಹೂಂ ಅನ್ನಬೇಕೋ ಬೇಡವೋ ನೋಡ್ಕೊಳ್ಳಿ."

ಹಿಂಗೋಡೆಯ ಕಟ್ಟೆಯ ಬಳಿ, ಯಾರಿಗೂ ಕೇಳದ ಹಾಗೆ, ಅವಳು ಡಾಕ್ಟರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಹೇಳಿದಳು. ನೆಲ ನೋಡದೆ ಹೇಳಬೇಕೆಂದು ಮುಂಚೆಯೇ ಅಂದುಕೊಂಡಿದ್ದಳು, ಆದರೂ ನೆಲವನ್ನೇ ನೋಡಿದಳು. ಅವನ ಕೈಯಲ್ಲಿ ಒಂದು ಸಣ್ಣ ಕುಂಡ ಉಳಿದಿತ್ತು. ಗೆಣ್ಣಿನಿಂದ ಅದನ್ನು ತಟ್ಟುತ್ತಲೇ ಇದ್ದ, ಕಿವಿ ಕೊಡದೆ.

"ಯಾರಿಂದ ಬಂತು?"

"ಗಂಡನಿಂದ. ಬೇರೆ ಯಾರೂ ಇಲ್ಲ. ಸಾಬೀತು ಮಾಡು ಅಂದ್ರೆ ನನ್ನ ಕೈಲಿ ಆಗಲ್ಲ."

"ನನಗೆ ಏನು ಹೇಳಬೇಕೋ ತೋಚ್ತಾ ಇಲ್ಲ."

"ಈಗಲೇ ಹೇಳಬೇಡಿ."

ಅವನು ಕುಂಡಗಳನ್ನು ಇಳಿಸಿದ. ಒಂದನ್ನೂ ತಟ್ಟಿ ನೋಡಲಿಲ್ಲ. ಅವನು ಹೋದ ಮೇಲೆ ಕತ್ತರಿ ತಾತ ಮೂರು ಬಿರುಕಿನ ಕುಂಡ ಆರಿಸಿ ತೆಗೆದು, "ಇವನಿಗೇನಾಯ್ತು ಇವತ್ತು?" ಎಂದು ಗೊಣಗಿದ.

ಮುಂದಿನ ಗುರುವಾರ ಅದೇ ಗಾಡಿಯಲ್ಲಿ ಬೇರೊಬ್ಬ ಬಂದ. ಗಿಡದಕ್ಕ ಸಹಿ ಹಾಕಿದಳು. ಸಂಜೆ ಅತ್ತಿಗೆ ಮುಖ ನೋಡಿಯೇ ತಿಳಿದು, "ಹೋದ್ರೆ ಹೋಗ್ಲಿ ಬಿಡು. ಮಣ್ಣಿನ ಕುಂಡ ಮಾರೋನು, ಮನಸ್ಸೂ ಮಣ್ಣಿಂದೇ ಇರುತ್ತೆ," ಎಂದಳು. ಗಿಡದಕ್ಕ ನಗಲಿಲ್ಲ. ಅಳಲೂ ಇಲ್ಲ. ಆ ವಾರ ಎರಡನೆಯ ಸಲ ಗಂಟು ಸುಡಿಸಿಕೊಂಡು ಬಂದಿದ್ದಳು. ಕೂತರೆ ಉರಿ, ನಿಂತರೆ ಎಳೆತ. ಬೂದಿ ಬೆರೆಸಿದ ಹೊಸ ಪಾತಿಯಲ್ಲಿ ಶಾಲೆಯ ಮರದ ಬೀಜಗಳು ತಲೆ ಎತ್ತಿದ್ದವು, ಬೆನ್ನು ಬಗ್ಗಿಸಿಕೊಂಡು. ಅವಕ್ಕೆ ನೀರು ಹಾಕುವಾಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಅವನು ಬರದೆ ಹೋದರೆ ನೋವಾಗುತ್ತದೆ, ಆಗುತ್ತಿದೆ. ಆದರೆ ತಾನೇ ಬೇಡವೆಂದು ಬಾಗಿಲು ಹಾಕಿಕೊಂಡಿದ್ದರೆ ಆಗುತ್ತಿದ್ದ ನೋವೇ ಬೇರೆ. ಅದಕ್ಕಿಂತ ಇದು ವಾಸಿ.

ಅದರ ಮುಂದಿನ ಗುರುವಾರ ಅವನೇ ಬಂದ. ಕೆಳಗಿಳಿದು, ಜೇಬಿನಿಂದ ಮಡಿಸಿದ ರಸೀತಿಯೊಂದನ್ನು ತೆಗೆದ. ಅದರ ಬೆನ್ನಲ್ಲಿ ಪೆನ್ಸಿಲಿನಿಂದ ಏನೋ ಬರೆದಿತ್ತು.

"ಹೋದ ವಾರ ಬರಲಿಲ್ಲ," ಎಂದಳು.

"ಹೆದರಿದ್ದೆ."

"ಈಗ?"

"ಈಗಲೂ ಸ್ವಲ್ಪ ಇದೆ. ಅದಕ್ಕೇ ಬರ್ಕೊಂಡು ಬಂದೆ, ನಿಮ್ಮ ಮುಂದೆ ನಿಂತ್ರೆ ಮರೆತುಹೋಗುತ್ತೆ." ಕಾಗದವನ್ನು ಕಣ್ಣಿಂದ ದೂರ ಹಿಡಿದು ಓದಿದ. "ಒಂದು, ನಿಮಗೆ ನೋವಿದೆಯಾ?"

ಅವಳು ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. "ಸುಡಿಸ್ಕೊಂಡಾಗ ಎರಡು ದಿನ," ಎಂದಳು.

"ಎರಡು, ನನಗೂ ಈಗಾಗಲೇ ಇರಬಹುದಾ? ನಾನೂ ಸಂಸಾರ ಮಾಡಿದೋನೇ ಅಲ್ವಾ."

"ಇರಬಹುದೇನೋ. ಗೊತ್ತಿಲ್ಲ."

"ಮೂರನೇದು..." ಅವನ ಕಿವಿ ಕೆಂಪಾಯಿತು. ಕಾಗದ ಮಡಿಸಿದ. "ಮೂರು, ನಾಲ್ಕು, ಐದು ನಿಮ್ಮನ್ನ ಕೇಳೋವಲ್ಲ. ನಿಮ್ಮ ಡಾಕ್ಟರ ಹತ್ರ ನಾನೂ ಬರಬಹುದಾ?"

"ಸೋಮವಾರ ನನ್ನ ಮೂರನೇ ಸಲ ಇದೆ. ಬನ್ನಿ."

"ಹಾಗೇ ಅಲ್ಲಿಂದ ನಿಮ್ಮ ಅಣ್ಣನ ಮನೆಗೆ ಹೋದ್ರೆ?"

"ಅಷ್ಟು ಅವಸರ ಬೇಡ," ಎಂದಳು ಗಿಡದಕ್ಕ. "ಮೊದಲು ಕೇಳಿಸ್ಕೊಳ್ಳಿ. ಕೇಳಿಸ್ಕೊಂಡು ಮೂರು ವಾರ ಸುಮ್ಮನಿರಿ. ಇಲ್ಲಿ ಹೊರಗಿಂದ ಬಂದ ಯಾವುದಕ್ಕೂ ಅಷ್ಟೇ ನಿಯಮ."

ಅವನು ತಿರುಗಿ ಕೆಂಪು ಬಟ್ಟೆ ಕಟ್ಟಿದ ಕಟ್ಟೆಯನ್ನು ನೋಡಿದ. ಚುಕ್ಕೆಯೆಲೆಯ ಎರಡು ಗಿಡಗಳ ನಡುವೆ ಸ್ವಲ್ಪ ಜಾಗ ಮಾಡಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು, ಮರ್ಯಾದೆಯಿಂದ ಕೂತ.

"ನೀರು ಹಾಕೋದು ಯಾವಾಗ?"

"ಬೆಳಿಗ್ಗೆ ಒಂದು ಸಲ. ಈಗ ಎದ್ದು ಕೈ ತೊಳ್ಕೊಳ್ಳಿ, ಕುಂಡ ಇಳಿಸೋದಿದೆ."

ಅವನು ಎದ್ದು ನಲ್ಲಿಯ ಕಡೆ ಹೋದ. ಸೋಪು ಹಚ್ಚಿ, ಮೊಣಕೈಯವರೆಗೆ, ನಿಧಾನವಾಗಿ ತೊಳೆದ. ಬಂದು ಮೊದಲ ಕುಂಡ ಎತ್ತಿ ಗೆಣ್ಣಿನಿಂದ ತಟ್ಟಿದ. ಈ ಸಲ ಇಬ್ಬರೂ ಕಿವಿಗೊಟ್ಟರು.